ಸೈಬರ್ ಭದ್ರತೆಯಲ್ಲಿ ಪಿಎಚ್.ಡಿ.: ಬ್ರಿಟನ್ನಿನ ತರಬೇತಿ ಕೇಂದ್ರಗಳ ಪ್ರಯೋಗ

ಸೈಬರ್ ಭದ್ರತೆಯ ಪಿಎಚ್.ಡಿ. ಒಂದು ಅಂಶದಲ್ಲಿ ಬೇರೆ ವಿಜ್ಞಾನಗಳ ಪಿಎಚ್.ಡಿ.ಯಂತಲ್ಲ. ರಸಾಯನಶಾಸ್ತ್ರದ ಸಂಶೋಧನಾರ್ಥಿಯೊಬ್ಬ ಹೊಸ ಸಂಯುಕ್ತವನ್ನು ಕಂಡುಹಿಡಿದರೆ ಮರುದಿನ ಯಾರ ಬ್ಯಾಂಕ್ ಖಾತೆಗೂ ಅಪಾಯ ಬರುವುದಿಲ್ಲ. ಭದ್ರತೆಯ ಸಂಶೋಧನಾರ್ಥಿ ಕಂಡುಹಿಡಿಯುವುದು ಬಹಳ ಸಲ ಜನ ದಿನವೂ ಬಳಸುತ್ತಿರುವ ವ್ಯವಸ್ಥೆಯ ದೋಷವನ್ನು. ಅದು ಪ್ರಬಂಧವಾಗಿ ಅಚ್ಚಾದ ದಿನ, ಸರಿಪಡಿಸಬೇಕಾದವರೂ ಓದುತ್ತಾರೆ, ದುರುಪಯೋಗ ಮಾಡುವವರೂ ಓದುತ್ತಾರೆ. ಮೇಲಾಗಿ ಈ ವಿಷಯ ಯಾವುದೇ ಒಂದು ವಿಭಾಗದ ಸ್ವತ್ತಲ್ಲ. ಗೂಢಲಿಪಿಶಾಸ್ತ್ರ ಗಣಿತಕ್ಕೆ ಸೇರಿದ್ದು, ಕಾರ್ಯಾಚರಣ ವ್ಯವಸ್ಥೆ ಕಂಪ್ಯೂಟರ್ ವಿಜ್ಞಾನಕ್ಕೆ, ಚಿಪ್ಪು ಎಲೆಕ್ಟ್ರಾನಿಕ್ಸ್‌ಗೆ. ಜನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದೇಕೆ ಎಂಬುದು ಸಮಾಜಶಾಸ್ತ್ರದ ಪ್ರಶ್ನೆ. ಹೀಗಿರುವಾಗ ಒಬ್ಬ ವಿದ್ಯಾರ್ಥಿಯನ್ನು ಒಬ್ಬ ಮಾರ್ಗದರ್ಶಕರ ಕೈಕೆಳಗೆ ಮೂರು ವರ್ಷ ಬಿಟ್ಟು ಪ್ರಬಂಧ ಬರೆಸುವ ಹಳೆಯ ಪದ್ಧತಿ ಸಾಲದು ಎಂಬ ಅಭಿಪ್ರಾಯ ಬ್ರಿಟನ್ನಿನಲ್ಲಿ ಬಲವಾಯಿತು. 2013ರಲ್ಲಿ ಆಕ್ಸ್‌ಫರ್ಡ್ ಮತ್ತು ರಾಯಲ್ ಹಾಲೊವೇ ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ಡಾಕ್ಟರಲ್ ತರಬೇತಿ ಕೇಂದ್ರಗಳು ಅದರ ಫಲ.

ಲಂಡನ್ನಿಗೆ ಪಶ್ಚಿಮದಲ್ಲಿ, ಸರ್ರೆ ಕೌಂಟಿಯ ಎಗಮ್ ಎಂಬ ಸಣ್ಣ ಊರಿನಲ್ಲಿ ರಾಯಲ್ ಹಾಲೊವೇ ಇದೆ. ಗುಳಿಗೆ ಮತ್ತು ಮುಲಾಮು ಮಾರಿ ಅಪಾರ ಹಣ ಗಳಿಸಿದ ಥಾಮಸ್ ಹಾಲೊವೇ ಇದನ್ನು ಹೆಣ್ಣುಮಕ್ಕಳ ಕಾಲೇಜಾಗಿ ಕಟ್ಟಿಸಿದ. ಆ ಗುಳಿಗೆಗಳಿಂದ ಎಷ್ಟು ರೋಗ ವಾಸಿಯಾಯಿತು ಎಂಬುದು ಬೇರೆ ಮಾತು, ಕಾಲೇಜಂತೂ ಉಳಿಯಿತು. 1886ರಲ್ಲಿ ವಿಕ್ಟೋರಿಯಾ ರಾಣಿ ಉದ್ಘಾಟಿಸಿದ ಕೆಂಪಿಟ್ಟಿಗೆಯ ಕಟ್ಟಡ ಇವತ್ತಿಗೂ ಅದರ ಗುರುತು. ಇಲ್ಲಿಯ ಗಣಿತ ವಿಭಾಗದ ಫ್ರೆಡ್ ಪೈಪರ್ ಗೂಢಲಿಪಿಶಾಸ್ತ್ರವನ್ನು ಸೇನೆಯ ಗೋಡೆಯಿಂದಾಚೆ ತಂದ ಮೊದಲಿಗರಲ್ಲಿ ಒಬ್ಬರು. ಹೆನ್ರಿ ಬೇಕರ್ ಜೊತೆ ಅವರು ಬರೆದ 'ಸೈಫರ್ ಸಿಸ್ಟಮ್ಸ್' 1982ರಲ್ಲಿ ಹೊರಬಂತು. 1990ರಲ್ಲಿ ಮಾಹಿತಿ ಭದ್ರತೆಯ ತಂಡ ಸ್ಥಾಪನೆಯಾಯಿತು. 1992ರಲ್ಲಿ ಶುರುವಾದ ಎಂ.ಎಸ್ಸಿ. ಜಗತ್ತಿನಲ್ಲೇ ಈ ಬಗೆಯ ಮೊದಲ ಪದವಿಗಳಲ್ಲೊಂದು. ಬ್ಯಾಂಕು, ಟೆಲಿಫೋನ್ ಕಂಪನಿ, ಸ್ಮಾರ್ಟ್ ಕಾರ್ಡ್ ತಯಾರಕರೊಂದಿಗೆ ಈ ತಂಡಕ್ಕೆ ಮೊದಲಿನಿಂದಲೂ ಒಡನಾಟವಿತ್ತು. 2002ರಲ್ಲಿ ವೊಡಾಫೋನ್ ಮತ್ತು ಜರ್ಮನಿಯ ಗೀಸೆಕೆ ಅಂಡ್ ಡೆವ್ರಿಯೆಂಟ್ ನೆರವಿನಿಂದ ಸ್ಮಾರ್ಟ್ ಕಾರ್ಡ್ ಕೇಂದ್ರವೂ ಇಲ್ಲಿ ತಲೆಯೆತ್ತಿತು. ತರಬೇತಿ ಕೇಂದ್ರ ಬರುವ ಹೊತ್ತಿಗೆ ನೆಲ ಹದವಾಗಿತ್ತು ಎನ್ನಲು ಇಷ್ಟು ಸಾಕು.

ಹಣ ಬಂದದ್ದು ಸರ್ಕಾರದಿಂದ. 2010ರಲ್ಲಿ ಬ್ರಿಟಿಷ್ ಸರ್ಕಾರ ಸೈಬರ್ ದಾಳಿಯನ್ನು ರಾಷ್ಟ್ರೀಯ ಭದ್ರತೆಯ ಮೇಲ್ದರ್ಜೆಯ ಅಪಾಯಗಳ ಸಾಲಿಗೆ ಸೇರಿಸಿ, ನಾಲ್ಕು ವರ್ಷಕ್ಕೆ 65 ಕೋಟಿ ಪೌಂಡ್ ತೆಗೆದಿರಿಸಿತು. 2011ರ ನವೆಂಬರಿನಲ್ಲಿ ಹೊರಬಂದ ಸೈಬರ್ ಭದ್ರತಾ ಕಾರ್ಯನೀತಿಯಲ್ಲಿ ಪರಿಣತರ ಕೊರತೆಯ ಮಾತು ಬಂದಿತ್ತು. 2012ರಲ್ಲಿ ಎಂಟು ವಿಶ್ವವಿದ್ಯಾಲಯಗಳಿಗೆ ಸಂಶೋಧನಾ ಶ್ರೇಷ್ಠತಾ ಕೇಂದ್ರದ ಮಾನ್ಯತೆ ಸಿಕ್ಕಿತು. ಅವುಗಳಲ್ಲಿ ಎರಡನ್ನು ಆರಿಸಿ ಮರುವರ್ಷ ಒಟ್ಟು 75 ಲಕ್ಷ ಪೌಂಡ್ ಕೊಟ್ಟು ತರಬೇತಿ ಕೇಂದ್ರ ತೆರೆಯಲಾಯಿತು. ಎಂಜಿನಿಯರಿಂಗ್ ಮತ್ತು ಭೌತವಿಜ್ಞಾನಗಳ ಸಂಶೋಧನಾ ಮಂಡಳಿ, ಅಂದರೆ ಇಪಿಎಸ್ಆರ್‌ಸಿ, ಬೇರೆ ವಿಷಯಗಳಲ್ಲಿ ಆಗಲೇ ಇಂಥ ಕೇಂದ್ರಗಳನ್ನು ನಡೆಸುತ್ತಿತ್ತು. ಆದ್ದರಿಂದ ಚೌಕಟ್ಟು ಹೊಸದಾಗಿರಲಿಲ್ಲ.

ಬ್ರಿಟನ್ನಿನ ಸಾಮಾನ್ಯ ಪಿಎಚ್.ಡಿ.ಗೆ ಮೂರು ವರ್ಷ, ಕೇಂದ್ರದ ಪಿಎಚ್.ಡಿ.ಗೆ ನಾಲ್ಕು. ಹೆಚ್ಚಿನ ಆ ಒಂದು ವರ್ಷದಲ್ಲೇ ಈ ಪದ್ಧತಿಯ ಜೀವ ಇರುವುದು. ಪ್ರತಿವರ್ಷ ಹತ್ತರ ಆಸುಪಾಸಿನಲ್ಲಿ ವಿದ್ಯಾರ್ಥಿಗಳನ್ನು ಒಂದೇ ತಂಡವಾಗಿ ಸೇರಿಸಿಕೊಳ್ಳುತ್ತಾರೆ. ಅವರಲ್ಲಿ ಗಣಿತ ಓದಿದವರು, ಕಂಪ್ಯೂಟರ್ ಓದಿದವರು, ರಾಜ್ಯಶಾಸ್ತ್ರ, ಭೂಗೋಳ, ಮನಶ್ಶಾಸ್ತ್ರ ಓದಿದವರು ಇರಬಹುದು. ಮೊದಲ ವರ್ಷ ಯಾರಿಗೂ ಪ್ರಬಂಧದ ವಿಷಯ ಗಟ್ಟಿಯಾಗಿರುವುದಿಲ್ಲ. ಪಾಠ, ಸಣ್ಣ ಯೋಜನೆ, ಉದ್ಯಮದವರ ಭೇಟಿ, ಒಬ್ಬರ ಲೇಖನವನ್ನು ಇನ್ನೊಬ್ಬರು ಓದಿ ವಿಮರ್ಶಿಸುವ ಸೆಮಿನಾರು, ಇಷ್ಟರಲ್ಲಿ ವರ್ಷ ಕಳೆಯುತ್ತದೆ. ಆಕ್ಸ್‌ಫರ್ಡಿನಲ್ಲಿ ಎರಡು ಕಿರುಯೋಜನೆಗಳನ್ನು ಬೇರೆ ಬೇರೆ ಮಾರ್ಗದರ್ಶಕರ ಬಳಿ ಮಾಡಿದ ಮೇಲಷ್ಟೇ ಮುಖ್ಯ ವಿಷಯದ ಆಯ್ಕೆಯಾಗುತ್ತಿತ್ತು. ರಾಯಲ್ ಹಾಲೊವೇಯಲ್ಲಿ ಹಳೆಯ ಎಂ.ಎಸ್ಸಿ.ಯ ಪಾಠಗಳು ಈ ಮೊದಲ ವರ್ಷಕ್ಕೆ ಒದಗಿಬಂದವು. ಅಲ್ಲಿಯ ಕೇಂದ್ರದ ನೇತೃತ್ವ ವಹಿಸಿದ ಕೀತ್ ಮಾರ್ಟಿನ್ ಗಣಿತಜ್ಞರು, 'ಎವ್ರಿಡೇ ಕ್ರಿಪ್ಟೋಗ್ರಫಿ' ಎಂಬ ಪಠ್ಯಪುಸ್ತಕದ ಲೇಖಕರು.

ಮೊದಲ ವರ್ಷ ಏನನ್ನು ಕಲಿಸಬೇಕು ಎಂಬುದರ ಬಗ್ಗೆ ಬಹುಕಾಲ ಒಮ್ಮತವಿರಲಿಲ್ಲ. ಒಂದೆಡೆ ಗೂಢಲಿಪಿಯೇ ಪಠ್ಯದ ಅರ್ಧ ಆಗಿದ್ದರೆ ಇನ್ನೊಂದೆಡೆ ಅಪಾಯ ನಿರ್ವಹಣೆಯೇ ಎಲ್ಲ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಅವೈಸ್ ರಶೀದ್ ನೇತೃತ್ವದಲ್ಲಿ ತಯಾರಾದ 'ಸೈಬಾಕ್' ಎಂಬ ಜ್ಞಾನಕೋಶ ಈ ಕೊರತೆಯನ್ನು ಸಾಕಷ್ಟು ತುಂಬಿತು. 2019ರ ಮೊದಲ ಆವೃತ್ತಿಯಲ್ಲಿ 19 ಜ್ಞಾನಕ್ಷೇತ್ರಗಳಿದ್ದವು, 2021ರಲ್ಲಿ ಅವು 21 ಆದವು. ಮಾಲ್‌ವೇರ್, ಜಾಲ ಭದ್ರತೆ, ಹಾರ್ಡ್‌ವೇರ್ ಇವುಗಳ ಜೊತೆಯಲ್ಲೇ ಕಾನೂನು, ಮಾನವ ವರ್ತನೆ, ಖಾಸಗಿತನ ಕೂಡ ಅದರಲ್ಲಿವೆ. ಯಾರು ಬೇಕಾದರೂ ಉಚಿತವಾಗಿ ಓದಬಹುದು. ಭಾರತದ ವಿಶ್ವವಿದ್ಯಾಲಯಗಳು ಪಠ್ಯಕ್ರಮ ರೂಪಿಸುವಾಗ ಮೊದಲು ಎದುರಿಗಿಟ್ಟುಕೊಳ್ಳಬೇಕಾದದ್ದು ಇದನ್ನೇ.

ಸಂಶೋಧನೆಯ ಹೊತ್ತಿಗೆ ನಿಜವಾಗಿ ಏನು ನಡೆಯುತ್ತದೆ ಎಂದು ತಿಳಿಯಲು ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡುವುದು ಲೇಸು. ಕೇಂದ್ರ ಶುರುವಾಗುವುದಕ್ಕೆ ಕೆಲವೇ ತಿಂಗಳ ಮೊದಲು, 2013ರ ಫೆಬ್ರುವರಿಯಲ್ಲಿ, ರಾಯಲ್ ಹಾಲೊವೇಯ ಪಿಎಚ್.ಡಿ. ವಿದ್ಯಾರ್ಥಿ ನಾಧೆಮ್ ಅಲ್‌ಫರ್ದಾನ್ ಮತ್ತು ಮಾರ್ಗದರ್ಶಕ ಕೆನ್ನಿ ಪ್ಯಾಟರ್ಸನ್ 'ಲಕಿ ಥರ್ಟೀನ್' ಎಂಬ ದಾಳಿಯನ್ನು ಪ್ರಕಟಿಸಿದರು. ಬ್ರೌಸರಿನಲ್ಲಿ ಬೀಗದ ಚಿತ್ರ ಕಾಣಿಸುವಾಗ ಹಿಂದೆ ಕೆಲಸ ಮಾಡುವ ಟಿಎಲ್ಎಸ್ ಶಿಷ್ಟಾಚಾರದ ದೋಷವದು. ಆಗಿನ ಟಿಎಲ್ಎಸ್ ಸಂದೇಶಕ್ಕೆ ಮೊದಲು ದೃಢೀಕರಣದ ಮುದ್ರೆ ಒತ್ತಿ, ಬಳಿಕ ಅಳತೆ ಸರಿಹೊಂದಿಸಲು ಕೊನೆಗೆ ಕೆಲವು ಬೈಟ್‌ಗಳನ್ನು ತುಂಬಿ, ಆಮೇಲೆ ಗೂಢಗೊಳಿಸುತ್ತಿತ್ತು. ದಾರಿಯಲ್ಲಿ ಯಾರಾದರೂ ಆ ಸಂದೇಶವನ್ನು ತಿದ್ದಿದರೆ ಸರ್ವರ್ ಅದನ್ನು ತಿರಸ್ಕರಿಸುತ್ತದೆ. ಆದರೆ ತುಂಬಿದ ಬೈಟ್‌ಗಳು ಸರಿಯಿದ್ದಂತೆ ಕಂಡರೆ ಒಂದು ಲೆಕ್ಕ, ಇಲ್ಲದಿದ್ದರೆ ಇನ್ನೊಂದು ಲೆಕ್ಕ. ಹೀಗಾಗಿ ತಿರಸ್ಕರಿಸಲು ಹಿಡಿಯುವ ಸಮಯದಲ್ಲಿ ಅತಿಸೂಕ್ಷ್ಮ ವ್ಯತ್ಯಾಸ ಬರುತ್ತದೆ. ಮುದ್ರೆಯ ಲೆಕ್ಕಕ್ಕೆ 5 ಬೈಟ್ ಶಿರೋನಾಮೆ ಮತ್ತು 8 ಬೈಟ್ ಕ್ರಮಸಂಖ್ಯೆ, ಒಟ್ಟು 13 ಬೈಟ್ ಸೇರುತ್ತಿದ್ದವು. ಈ ವ್ಯತ್ಯಾಸ ಹೊರಗೆ ಕಾಣುವಂತಾದದ್ದು ಆ ಹದಿಮೂರರ ಅಳತೆಯಿಂದ, ಹೆಸರು ಬಂದದ್ದೂ ಅದರಿಂದಲೇ.

ವ್ಯತ್ಯಾಸ ಎಷ್ಟು ಸಣ್ಣದೆಂದರೆ ಒಂದೆರಡು ಸಲ ಅಳೆದರೆ ಜಾಲದ ಗದ್ದಲದಲ್ಲೇ ಕಳೆದುಹೋಗುತ್ತದೆ. ಸರಳ ರೂಪದ ದಾಳಿಯಲ್ಲಿ 16 ಬೈಟಿನ ಒಂದು ತುಂಡನ್ನು ಬಿಡಿಸಲು ಎರಡರ ಇಪ್ಪತ್ತಮೂರನೇ ಘಾತ, ಅಂದರೆ 83 ಲಕ್ಷಕ್ಕೂ ಹೆಚ್ಚು ಸಂಪರ್ಕಗಳು ಬೇಕಿದ್ದವು. ದಾಳಿಕೋರ ಸರ್ವರಿನ ಪಕ್ಕದ ಜಾಲದಲ್ಲೇ ಇರಬೇಕಿತ್ತು. ಸಾಮಾನ್ಯ ಬಳಕೆದಾರ ಇದಕ್ಕೆ ಹೆದರಬೇಕಿರಲಿಲ್ಲ. ಹಾಗಿದ್ದೂ ಸಂಶೋಧಕರು ಪ್ರಕಟಣೆಗೆ ಮೊದಲೇ ತಂತ್ರಾಂಶ ತಯಾರಕರಿಗೆ ತಿಳಿಸಿ ಪ್ಯಾಚ್ ಸಿದ್ಧವಾಗುವವರೆಗೆ ಕಾದರು. ಮುಂದಿನ ಕಥೆ ಇನ್ನೂ ಪಾಠದಂತಿದೆ. ಟಿಎಲ್ಎಸ್ ಅಳವಡಿಸುವ ಓಪನ್‌ಎಸ್ಎಸ್ಎಲ್ ಎಂಬ ತಂತ್ರಾಂಶದ ತಂಡ ಅವಸರದಲ್ಲಿ ಹೊರತಂದ ತಿದ್ದುಪಡಿಯಲ್ಲೇ ತಪ್ಪಿತ್ತು, ವಾರದೊಳಗೆ ಇನ್ನೊಂದು ಆವೃತ್ತಿ ಬರಬೇಕಾಯಿತು. ಅದೇ ತಿದ್ದುಪಡಿಯ ವೇಳೆ ನುಸುಳಿದ ಮತ್ತೊಂದು ದೋಷ 2016ರಲ್ಲಿ ಪತ್ತೆಯಾಯಿತು. ಈ ಬಗೆಯ ದಾಳಿಗಳಿಂದ ತಪ್ಪಿಸಿಕೊಳ್ಳಲು ಹಲವು ಜಾಲತಾಣಗಳು ನೆಚ್ಚಿಕೊಂಡಿದ್ದ ಆರ್‌ಸಿ4 ಎಂಬ ಗೂಢಲಿಪಿಯೂ ದುರ್ಬಲವೆಂದು ಅದೇ ಇಬ್ಬರು ಸಹೋದ್ಯೋಗಿಗಳೊಂದಿಗೆ 2013ರಲ್ಲೇ ತೋರಿಸಿದರು. 2015ರಲ್ಲಿ ಟಿಎಲ್ಎಸ್‌ನಲ್ಲಿ ಆರ್‌ಸಿ4 ನಿಷೇಧವಾಯಿತು. 2018ರಲ್ಲಿ ಬಂದ ಟಿಎಲ್ಎಸ್ 1.3 ಹಳೆಯ ಮುದ್ರೆಯೊತ್ತಿ ಗೂಢಗೊಳಿಸುವ ವಿಧಾನವನ್ನೇ ಕೈಬಿಟ್ಟಿತು.

ಈ ಉದಾಹರಣೆಯಲ್ಲಿ ವಿದ್ಯಾರ್ಥಿಗೆ ಬೇಕಾದ ಕೌಶಲಗಳನ್ನು ಎಣಿಸಿದರೆ ಪಟ್ಟಿ ಉದ್ದವಾಗುತ್ತದೆ. ಗೂಢಲಿಪಿಯ ಗಣಿತ ಬೇಕು, ಬೇರೆಯವರ ಸಿ ಭಾಷೆಯ ಕೋಡನ್ನು ಸಾಲುಸಾಲಾಗಿ ಓದುವ ತಾಳ್ಮೆ ಬೇಕು, ಅಂಕಿಅಂಶಗಳ ಪರಿಣತಿ ಬೇಕು, ಕಂಪನಿಯವರಿಗೆ ಪತ್ರ ಬರೆದು ಒಪ್ಪಿಸುವ ಚಾತುರ್ಯವೂ ಬೇಕು. ಮೊದಲ ಮೂರನ್ನು ವಿಶ್ವವಿದ್ಯಾಲಯಗಳು ಯಾವಾಗಲೂ ಕಲಿಸುತ್ತ ಬಂದಿವೆ. ನಾಲ್ಕನೆಯದನ್ನು ವ್ಯವಸ್ಥಿತವಾಗಿ ಕಲಿಸಬೇಕು ಎಂಬ ಅರಿವು ಬಂದದ್ದು ತಡವಾಗಿ, ಅದೂ ಕೆಲವು ಕಹಿ ಅನುಭವಗಳ ನಂತರ.

ಅವುಗಳಲ್ಲಿ ಒಂದು ಅದೇ 2013ರದು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಫ್ಲಾವಿಯೊ ಗಾರ್ಸಿಯ ಮತ್ತು ನೆದರ್ಲೆಂಡ್ಸಿನ ರಾಡ್‌ಬೌಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಕಾರು ಕಳ್ಳತನ ತಡೆಯುವ ಮೆಗಾಮೋಸ್ ಚಿಪ್ಪಿನ ದೌರ್ಬಲ್ಯವನ್ನು ಬಯಲುಮಾಡಿದರು. ಚಿಪ್ಪಿನ ತಯಾರಕರಿಗೆ ತಿಂಗಳುಗಳ ಮುಂಚೆಯೇ ತಿಳಿಸಿದ್ದರು. ಆದರೂ ಫೋಕ್ಸ್‌ವ್ಯಾಗನ್ ಲಂಡನ್ನಿನ ಹೈಕೋರ್ಟಿಗೆ ಹೋಗಿ ಪ್ರಕಟಣೆಗೆ ತಡೆಯಾಜ್ಞೆ ತಂದಿತು. ಲೇಖನ ಬೆಳಕು ಕಂಡದ್ದು ಎರಡು ವರ್ಷಗಳ ನಂತರ, 2015ರಲ್ಲಿ, ಒಂದೇ ಒಂದು ವಾಕ್ಯ ತೆಗೆದುಹಾಕಿ. ಇದೇ ರಾಡ್‌ಬೌಡ್‌ನ ತಂಡ 2008ರಲ್ಲಿ ಪ್ರಯಾಣದ ಟಿಕೆಟ್ ಕಾರ್ಡುಗಳಲ್ಲಿದ್ದ ಮಿಫೇರ್ ಕ್ಲಾಸಿಕ್ ಚಿಪ್ಪಿನ ದೋಷ ಪ್ರಕಟಿಸಹೊರಟಾಗ ಡಚ್ ನ್ಯಾಯಾಲಯ ತಯಾರಕರ ತಡೆಯರ್ಜಿಯನ್ನು ತಳ್ಳಿಹಾಕಿತ್ತು. ಒಂದೇ ಬಗೆಯ ಕೆಲಸಕ್ಕೆ ಎರಡು ದೇಶಗಳಲ್ಲಿ ಎರಡು ಬಗೆಯ ತೀರ್ಪು. ಮೂರು ನಾಲ್ಕು ವರ್ಷದೊಳಗೆ ಪ್ರಬಂಧ ಮುಗಿಸಬೇಕಾದ ವಿದ್ಯಾರ್ಥಿಗೆ ಎರಡು ವರ್ಷದ ತಡೆಯಾಜ್ಞೆ ಎಂದರೆ ಏನೆಂದು ವಿವರಿಸಬೇಕಾಗಿಲ್ಲ.

ಬ್ರಿಟನ್ನಿನ ಕಂಪ್ಯೂಟರ್ ದುರ್ಬಳಕೆ ಕಾಯ್ದೆ 1990ರದು. ಪ್ರೆಸ್ಟೆಲ್ ಎಂಬ ದೂರವಾಣಿ ಮಾಹಿತಿ ಸೇವೆಯಲ್ಲಿದ್ದ ರಾಜಕುಮಾರ ಫಿಲಿಪ್ ಅವರ ಅಂಚೆಪೆಟ್ಟಿಗೆಗೆ ನುಗ್ಗಿದ್ದ ಇಬ್ಬರನ್ನು ಆಗಿನ ನಕಲಿ ದಸ್ತಾವೇಜು ಕಾನೂನಿನಡಿ ಶಿಕ್ಷಿಸಲು ಬರುವುದಿಲ್ಲವೆಂದು 1988ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತ ಮೇಲೆ ಬಂದ ಕಾಯ್ದೆಯಿದು. ಅನುಮತಿಯಿಲ್ಲದೆ ಇನ್ನೊಬ್ಬರ ಕಂಪ್ಯೂಟರ್ ಪ್ರವೇಶಿಸುವುದು ಅಪರಾಧ ಎಂದಿತು, ಸಂಶೋಧನೆಗೆಂದು ಪ್ರವೇಶಿಸಿದವರಿಗೆ ಪ್ರತ್ಯೇಕ ರಕ್ಷಣೆ ಬರೆಯಲಿಲ್ಲ. ಆದ್ದರಿಂದ ತಾವೇ ಕೊಂಡ ಉಪಕರಣ, ತಾವೇ ನಿಲ್ಲಿಸಿದ ಸರ್ವರ್, ತಮ್ಮದೇ ಖಾತೆ ಇವುಗಳ ಮೇಲೆ ಮಾತ್ರ ಪ್ರಯೋಗ ನಡೆಸುವುದನ್ನು ವಿದ್ಯಾರ್ಥಿಗಳು ಮೊದಲಿನಿಂದಲೇ ರೂಢಿಸಿಕೊಳ್ಳಬೇಕಾಗುತ್ತದೆ.

ಕಾನೂನು ಮೀರದೆಯೂ ತಪ್ಪು ಮಾಡಬಹುದು ಎಂಬುದಕ್ಕೆ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಪ್ರಕರಣ ಸಾಕ್ಷಿ. ಮುಕ್ತ ತಂತ್ರಾಂಶದೊಳಗೆ ದುರುದ್ದೇಶದ ಕೋಡನ್ನು ನುಸುಳಿಸಬಹುದೇ ಎಂದು ಪರೀಕ್ಷಿಸಲು ಅಲ್ಲಿಯ ಸಂಶೋಧಕರು ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನ ನಿರ್ವಾಹಕರಿಗೆ ಬೇಕೆಂದೇ ದೋಷವಿರುವ ತಿದ್ದುಪಡಿಗಳನ್ನು ಕಳುಹಿಸಿದರು. ನಿರ್ವಾಹಕರಿಗೆ ತಾವು ಪ್ರಯೋಗದ ವಸ್ತುಗಳು ಎಂಬುದೇ ಗೊತ್ತಿರಲಿಲ್ಲ. ಇದು ಮನುಷ್ಯರ ಮೇಲಿನ ಸಂಶೋಧನೆಯಲ್ಲ ಎಂದು ವಿಶ್ವವಿದ್ಯಾಲಯದ ನೀತಿ ಸಮಿತಿ ಭಾವಿಸಿತ್ತು. 2021ರ ಏಪ್ರಿಲಿನಲ್ಲಿ ಲಿನಕ್ಸಿನ ಹಿರಿಯ ನಿರ್ವಾಹಕ ಗ್ರೆಗ್ ಕ್ರೋ-ಹಾರ್ಟ್‌ಮನ್ ಆ ವಿಶ್ವವಿದ್ಯಾಲಯದಿಂದ ಬರುವ ಕೋಡನ್ನೆಲ್ಲ ನಿರಾಕರಿಸುವುದಾಗಿ ಘೋಷಿಸಿದರು. ಹೆಸರಾಂತ ಸಮ್ಮೇಳನಕ್ಕೆ ಆಯ್ಕೆಯಾಗಿದ್ದ ಲೇಖನವನ್ನು ಲೇಖಕರು ಹಿಂತೆಗೆದುಕೊಂಡರು. ತಂತ್ರಾಂಶ ಹೇಗೆ ಕಟ್ಟಲ್ಪಡುತ್ತದೆಂಬ ಅರಿವು ಸಮಿತಿಗೆ ಸಾಲದಾಗಿತ್ತು ಎಂದೇ ಈ ಘಟನೆಯನ್ನು ಓದಬೇಕಾಗುತ್ತದೆ. ಭದ್ರತಾ ಸಮ್ಮೇಳನಗಳು ಈಗ ಲೇಖನದ ಜೊತೆ ನೈತಿಕತೆಯ ವಿವರಣೆಯನ್ನೂ ಕೇಳುತ್ತವೆ.

2019ರಲ್ಲಿ ಕೇಂದ್ರಗಳ ಎರಡನೇ ಸುತ್ತು ಆರಂಭವಾದಾಗ ದಿಕ್ಕು ಬದಲಾಗಿರುವುದು ಸ್ಪಷ್ಟವಾಗಿತ್ತು. ಯೂನಿವರ್ಸಿಟಿ ಕಾಲೇಜ್ ಲಂಡನ್ನಿಗೆ ಒಂದು, ಬ್ರಿಸ್ಟಲ್ ಮತ್ತು ಬಾತ್ ವಿಶ್ವವಿದ್ಯಾಲಯಗಳಿಗೆ ಜಂಟಿಯಾಗಿ ಒಂದು ಕೇಂದ್ರ ಸಿಕ್ಕಿತು. ರಾಯಲ್ ಹಾಲೊವೇ ತನ್ನ ಹೊಸ ಕೇಂದ್ರಕ್ಕೆ ದಿನನಿತ್ಯದ ಬದುಕಿನ ಸೈಬರ್ ಭದ್ರತೆ ಎಂಬ ವಿಷಯವನ್ನೇ ಆರಿಸಿಕೊಂಡಿತು. ಈ ಬದಲಾವಣೆ ಬರಿಯ ಹೆಸರಿನದಲ್ಲ ಎಂದು ತೋರಿಸಿದ್ದು ಹಾಂಗ್‌ಕಾಂಗ್ ಪ್ರತಿಭಟನೆಗಳ ಕುರಿತ ಅಧ್ಯಯನ. ಗೂಢಲಿಪಿತಜ್ಞ ಮಾರ್ಟಿನ್ ಆಲ್ಬ್ರೆಕ್ಟ್, ಜನಾಂಗ ಅಧ್ಯಯನದ ಹಿನ್ನೆಲೆಯ ರಿಕ್ಕೆ ಬ್ಯರ್ಗ್ ಯೆನ್ಸನ್, ಅವರೊಂದಿಗೆ ಒಬ್ಬ ಪಿಎಚ್.ಡಿ. ವಿದ್ಯಾರ್ಥಿನಿ ಮತ್ತು ಇನ್ನೊಬ್ಬ ಸಹೋದ್ಯೋಗಿ 2019-20ರ ಪ್ರತಿಭಟನೆಯಲ್ಲಿದ್ದ 11 ಮಂದಿಯನ್ನು ಸಂದರ್ಶಿಸಿದರು. ಗೂಢಲಿಪಿಯ ಪಠ್ಯಗಳಲ್ಲಿ ಶತ್ರು ಹೊರಗೆ ದಾರಿಯಲ್ಲಿ ಕುಳಿತು ಕದ್ದು ಕೇಳುವವನು. ಪ್ರತಿಭಟನಕಾರರ ಭಯ ಬೇರೆಯೇ ಇತ್ತು. ಗುಂಪಿನಲ್ಲಿ ಯಾರಾದರೂ ಬಂಧಿತರಾಗಿ ಫೋನು ಪೊಲೀಸರ ಕೈಸೇರಿದರೆ ಅದರೊಳಗಿರುವ ಎಲ್ಲರ ಮಾತುಕತೆಯ ಗತಿಯೇನು ಎಂಬುದು ಅವರ ಚಿಂತೆ. ಒಬ್ಬೊಬ್ಬ ಬಳಕೆದಾರನನ್ನು ಬಿಡಿಯಾಗಿ ರಕ್ಷಿಸುವ ಗಣಿತಕ್ಕೆ ಗುಂಪಿನ ಈ ಸಮಸ್ಯೆ ಕಣ್ಣಿಗೆ ಬಿದ್ದಿರಲಿಲ್ಲ.

ಅದೇ ತಂಡ ಬ್ರಿಡ್ಜಿಫೈ ಎಂಬ ಆ್ಯಪನ್ನೂ ಬಿಚ್ಚಿ ನೋಡಿತು. ಇಂಟರ್‌ನೆಟ್ ಇಲ್ಲದಾಗ ಫೋನಿನಿಂದ ಫೋನಿಗೆ ಬ್ಲೂಟೂತ್ ಮೂಲಕ ಸಂದೇಶ ದಾಟಿಸುವ ಈ ಆ್ಯಪ್ ಹಾಂಗ್‌ಕಾಂಗಿನಲ್ಲೂ, 2019ರ ಕೊನೆಗೆ ಇಂಟರ್‌ನೆಟ್ ಸ್ಥಗಿತಗೊಂಡ ಭಾರತದ ಕೆಲವು ಭಾಗಗಳಲ್ಲೂ ಜನಪ್ರಿಯವಾಗಿತ್ತು. ಸಂದೇಶ ಕಳಿಸಿದವರು ಯಾರೆಂಬ ಖಾತ್ರಿಯೇ ಇದರಲ್ಲಿರಲಿಲ್ಲ. ಅತಿಯಾಗಿ ಸಂಕುಚಿಸಿದ ಒಂದೇ ಸಂದೇಶದಿಂದ ಇಡೀ ಜಾಲವನ್ನು ನಿಲ್ಲಿಸಬಹುದಿತ್ತು. 2020ರ ಏಪ್ರಿಲಿನಲ್ಲಿ ಕಂಪನಿಗೆ ತಿಳಿಸಿ ಆಗಸ್ಟಿನಲ್ಲಿ ಬಹಿರಂಗಪಡಿಸಿದರು. ಕಂಪನಿ ಸಿಗ್ನಲ್ ಎಂಬ ಸಂದೇಶ ಆ್ಯಪ್‌ನ ಗೂಢಲಿಪಿ ಅಳವಡಿಸಿಕೊಂಡಿತು. ಅಳವಡಿಸಿದ ರೀತಿಯಲ್ಲೂ ದೋಷವಿದೆಯೆಂದು ಮುಂದಿನ ಅಧ್ಯಯನ ತೋರಿಸಿತು. ಗಣಿತ ಮತ್ತು ಕ್ಷೇತ್ರಕಾರ್ಯ ಒಂದೇ ಸೂರಿನಡಿ ಕೂತರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಪ್ರಕಟಣೆಯ ವಿಷಯದಲ್ಲಿ ಈ ಕ್ಷೇತ್ರ ನಿಯತಕಾಲಿಕಗಳಿಗಿಂತ ಸಮ್ಮೇಳನಗಳನ್ನು ನಂಬುತ್ತದೆ. 1980ರಿಂದ ನಡೆಯುತ್ತಿರುವ ಐಇಇಇ ಭದ್ರತೆ ಮತ್ತು ಖಾಸಗಿತನ ಸಮ್ಮೇಳನ, ಯೂಸ್‌ನಿಕ್ಸ್, ಎಸಿಎಂ ಸಿಸಿಎಸ್, ಎನ್‌ಡಿಎಸ್ಎಸ್ ಈ ನಾಲ್ಕು ಮೇಲ್ಮಟ್ಟದವು. ಹೆಚ್ಚಿನ ಲೇಖನಗಳು ಅಲ್ಲಿ ತಿರಸ್ಕೃತವಾಗುತ್ತವೆ. ಹೀಗಾಗಿ ತಿರಸ್ಕಾರವನ್ನು ತಾಳಿಕೊಂಡು ತಿದ್ದಿ ಮತ್ತೆ ಕಳಿಸುವುದೂ ತರಬೇತಿಯ ಭಾಗ. ಒಂದೇ ತಂಡದಲ್ಲಿ ಹತ್ತು ಜನ ಅದೇ ಪಾಡು ಪಡುತ್ತಿರುತ್ತಾರೆ ಎಂಬುದು ಇಲ್ಲಿ ಸಣ್ಣ ಸಮಾಧಾನವಲ್ಲ. ಕೊನೆಯ ವೈವಾ ಬ್ರಿಟನ್ನಿನಲ್ಲಿ ಬಾಗಿಲು ಮುಚ್ಚಿ ನಡೆಯುತ್ತದೆ. ಒಬ್ಬ ಒಳ ಪರೀಕ್ಷಕರು, ಒಬ್ಬ ಹೊರ ಪರೀಕ್ಷಕರು, ಎದುರಿಗೆ ಅಭ್ಯರ್ಥಿ, ಅಷ್ಟೇ.

ಹಣದ ಮತ್ತು ಗುಟ್ಟಿನ ಪ್ರಶ್ನೆಗಳು ಈ ಪ್ರಯೋಗವನ್ನು ಬಿಟ್ಟಿಲ್ಲ. ಬ್ರಿಟನ್ನಿನ ಸಂಶೋಧನಾ ಮಂಡಳಿಗಳ ಕನಿಷ್ಠ ಸ್ಟೈಪೆಂಡ್ 2025-26ಕ್ಕೆ ವರ್ಷಕ್ಕೆ 20,780 ಪೌಂಡ್. ಲಂಡನ್ ಸುತ್ತಮುತ್ತಲ ಬಾಡಿಗೆಗೂ, ಇದೇ ಪರಿಣತಿಗೆ ಉದ್ಯಮ ಕೊಡುವ ಸಂಬಳಕ್ಕೂ ಅದನ್ನು ಹೋಲಿಸುವಂತಿಲ್ಲ. ವಿದೇಶಿ ವಿದ್ಯಾರ್ಥಿಗಳಿಗೆ ಹೊಸಬರಲ್ಲಿ ಶೇ 30ರವರೆಗೆ ಮಾತ್ರ ಅವಕಾಶ, ಹೀಗಾಗಿ ಬೆಂಗಳೂರಿನಿಂದ ಅರ್ಜಿ ಹಾಕುವವರ ಪೈಪೋಟಿ ಇಡೀ ಜಗತ್ತಿನೊಂದಿಗೆ. ಇನ್ನು, ಸಂಶೋಧನಾ ಶ್ರೇಷ್ಠತಾ ಕೇಂದ್ರಗಳಿಗೆ ಈಗ ಮಾನ್ಯತೆ ಕೊಡುವ ರಾಷ್ಟ್ರೀಯ ಸೈಬರ್ ಭದ್ರತಾ ಕೇಂದ್ರ 2016ರಲ್ಲಿ ಹುಟ್ಟಿದ್ದು ಗೂಢಚಾರ ಸಂಸ್ಥೆಯಾದ ಜಿಸಿಎಚ್‌ಕ್ಯೂನ ಅಂಗವಾಗಿ. ಸಾರ್ವಜನಿಕ ಕೀಲಿಯ ಗೂಢಲಿಪಿಯನ್ನು 1970ರ ದಶಕದ ಆರಂಭದಲ್ಲೇ ಕಂಡುಹಿಡಿದು 1997ರವರೆಗೆ ಹೊರಗೆ ಬಿಡದಿದ್ದ ಸಂಸ್ಥೆ ಅದು. ದೋಷಗಳನ್ನು ಬಯಲುಮಾಡುವ ವಿಶ್ವವಿದ್ಯಾಲಯಕ್ಕೂ, ಕೆಲವು ದೋಷಗಳನ್ನು ತನ್ನಲ್ಲೇ ಇಟ್ಟುಕೊಳ್ಳಬಯಸುವ ಸಂಸ್ಥೆಗೂ ನಡುವಿನ ಸಂಬಂಧ ಎಂದಿಗೂ ಪೂರ್ತಿ ನಿರಾಳವಾಗಿರಲಾರದು. ಪ್ರಕಟಣೆಯ ಸ್ವಾತಂತ್ರ್ಯವನ್ನು ಬಿಟ್ಟುಕೊಡದಿರುವವರೆಗೆ ಅಂಥ ಸಂಸ್ಥೆಯ ಮಾನ್ಯತೆಯೊಂದಿಗೆ ಬರುವ ಸರ್ಕಾರಿ ಹಣ ಪಡೆಯುವುದರಲ್ಲಿ ತಪ್ಪಿಲ್ಲ.

ಭಾರತದಲ್ಲಿ ಈ ಬಗೆಯ ನಾಲ್ಕು ವರ್ಷದ ತಂಡ ಪದ್ಧತಿ ಬೇರೂರಿಲ್ಲ, ಆದರೆ ಬಿಡಿಬಿಡಿಯಾಗಿ ಸಾಮಗ್ರಿಯಿದೆ. ಮಾಹಿತಿ ಭದ್ರತಾ ಶಿಕ್ಷಣ ಮತ್ತು ಜಾಗೃತಿ ಯೋಜನೆ 2005ರಿಂದ ನಡೆದುಬಂದಿದೆ. ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಕ್ಷೇತ್ರದ ಪಿಎಚ್.ಡಿ.ಗಳಿಗಾಗಿ 2014ರಲ್ಲಿ ಬಂದ ಕೇಂದ್ರ ಸರ್ಕಾರದ ಯೋಜನೆಗೆ ವಿಶ್ವೇಶ್ವರಯ್ಯನವರ ಹೆಸರೇ ಇದೆ. 2018ರಲ್ಲಿ ಬಂದ ಪ್ರಧಾನಮಂತ್ರಿ ಸಂಶೋಧನಾ ಫೆಲೋಷಿಪ್ ತಿಂಗಳಿಗೆ 70,000 ರೂಪಾಯಿಯಿಂದ ಶುರುವಾಗುತ್ತದೆ. ಐಐಟಿ ಕಾನ್ಪುರದಲ್ಲಿ ಸಿ3ಐ ಹಬ್ ಎಂಬ ಸೈಬರ್ ಭದ್ರತಾ ಕೇಂದ್ರ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗೂಢಲಿಪಿ ಮತ್ತು ವ್ಯವಸ್ಥೆಗಳ ಭದ್ರತೆ ಎರಡರಲ್ಲೂ ಒಳ್ಳೆಯ ಪಿಎಚ್.ಡಿ. ಕೆಲಸ ನಡೆದಿದೆ. ಕರ್ನಾಟಕ ಸರ್ಕಾರದ ಸೈಬರ್ ಭದ್ರತಾ ಶ್ರೇಷ್ಠತಾ ಕೇಂದ್ರ ಸೈಸೆಕ್‌ನ ನೆಲೆಯೂ ಆ ಸಂಸ್ಥೆಯೇ. ರಾಜ್ಯ 2024ರಲ್ಲಿ ಸೈಬರ್ ಭದ್ರತಾ ನೀತಿಯನ್ನೂ ಹೊರತಂದಿದೆ.

ಕೊರತೆ ಇರುವುದು ಬೇರೆಡೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿನಂತೆ ಮಾಲೀಕನ ಅನುಮತಿಯಿಲ್ಲದೆ ಕಂಪ್ಯೂಟರ್ ಪ್ರವೇಶಿಸಿದರೆ ಪರಿಹಾರ ಕೊಡಬೇಕು. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ವಂಚನೆಗಾಗಿ ಮಾಡಿದರೆ 66ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಸಂಶೋಧಕನ ಉದ್ದೇಶ ಪ್ರಾಮಾಣಿಕವೆಂದು ಕೊನೆಗೆ ಒಪ್ಪಿತವಾಗಬಹುದು, ಅಲ್ಲಿಯವರೆಗೆ ಠಾಣೆ, ವಕೀಲರು, ಓಡಾಟ ತಪ್ಪುವುದಿಲ್ಲ. ದೋಷ ತಿಳಿಸಲು ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯ ಅಧಿಕೃತ ದಾರಿ ಇದೆ. ಆದರೆ ಆ ದಾರಿಯನ್ನು ವಿದ್ಯಾರ್ಥಿಗೆ ತೋರಿಸುವವರು ಯಾರು? ವಿಶ್ವವಿದ್ಯಾಲಯ ಅನುದಾನ ಆಯೋಗ 2019ರಲ್ಲಿ ಎಲ್ಲ ಪಿಎಚ್.ಡಿ. ವಿದ್ಯಾರ್ಥಿಗಳಿಗೂ ಸಂಶೋಧನೆ ಮತ್ತು ಪ್ರಕಟಣಾ ನೀತಿಯ 30 ಗಂಟೆಗಳ ಪಾಠ ಕಡ್ಡಾಯ ಮಾಡಿತು. ಅದರ ಪಠ್ಯ ಬಹುಪಾಲು ಕೃತಿಚೌರ್ಯ, ನಕಲಿ ನಿಯತಕಾಲಿಕ, ಉಲ್ಲೇಖಗಳ ಲೆಕ್ಕಾಚಾರದ ಸುತ್ತ ಸುತ್ತುತ್ತದೆ. ಚಾಲ್ತಿಯಲ್ಲಿರುವ ವ್ಯವಸ್ಥೆಯೊಂದರ ದೋಷ ಕೈಗೆ ಸಿಕ್ಕರೆ ಯಾರಿಗೆ ತಿಳಿಸಬೇಕು, ಎಷ್ಟು ದಿನ ಕಾಯಬೇಕು, ಕಂಪನಿ ವಕೀಲರ ನೋಟಿಸು ಕಳಿಸಿದರೆ ವಿಶ್ವವಿದ್ಯಾಲಯ ಯಾರ ಪರ ನಿಲ್ಲುತ್ತದೆ ಎಂಬುದು ಅದರಲ್ಲಿಲ್ಲ. ಸೈಬರ್ ಭದ್ರತೆಯಲ್ಲಿ ಪಿಎಚ್.ಡಿ. ಕೊಡುವ ಪ್ರತಿಯೊಂದು ವಿಭಾಗವೂ ಈ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರವನ್ನು ಮೊದಲ ಸೆಮಿಸ್ಟರಿನಲ್ಲೇ ವಿದ್ಯಾರ್ಥಿಯ ಕೈಗಿಡಬೇಕು. ಅದಕ್ಕೆ ಹೊಸ ಕಟ್ಟಡವಾಗಲಿ ಹೊಸ ಅನುದಾನವಾಗಲಿ ಬೇಕಿಲ್ಲ.